ಮಳೆಗೆ ಸ್ಟೇಜ್ ಕ್ಯಾನ್ಸಲ್ ಆದ್ರೆ ಡಕಾರ್ ಸುಲಭ ಆಗುತ್ತಾ? 2015, 2017ರ ಬೊಲಿವಿಯಾ ಬಗ್ಗೆ ಮಾತಾಡೋಣ

ಹೊಸೂರುರೋಡ್450

ನಮ್ಮ ಬೈಕ್ ರೇಸರ್ ಸಿ.ಎಸ್. ಸಂತೋಷ್ 2017ರ ಡಕಾರ್ (ದಿನಕ್ಕೊಂದು ಸ್ಟೇಜಿನ ಹಾಗೆ ಸುಮಾರು ಎರಡು ವಾರ ನಡೆಯೋ ಆಫ್‌ರೋಡ್ ರ‍್ಯಾಲಿ) ಮುಗಿಸಿದ್ದು 47ನೇ ಸ್ಥಾನದಲ್ಲಿ, ಹೀರೋ ಮೋಟೋಸ್ಪೋರ್ಟ್ಸ್ ಟೀಮಿಗೆ ಅದು ಮೊಟ್ಟಮೊದಲ ಡಕಾರ್. ಈ ವಿಷ್ಯ ಎಲ್ಲೇ ಬರ್ಲಿ ಯಾರಾದ್ರೂ ಒಬ್ರು "ಆ ವರ್ಷ ಮಳೆಗೆ ಎರಡು ಸ್ಟೇಜ್ ಪೂರ್ತಿ ಕ್ಯಾನ್ಸಲ್ ಆಗಿತ್ತಲ್ಲ, ಅದೇನ್ ದೊಡ್ಡದು" ಅಂದೇ ಅಂತಾರೆ. ಕೇಳಿ ಕೇಳಿ ಬೇಜಾರಾಗಿದೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಏನಾಯ್ತು ಅಂತ ನೋಡೋಣ. ಜನವರಿ 2ಕ್ಕೆ ಪರಾಗ್ವೆಯ ಅಸುನ್ಸಿಯಾನ್‌ನಲ್ಲಿ ಸ್ಟಾರ್ಟು, 14ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಫಿನಿಶ್ಶು, ಮಧ್ಯದಲ್ಲಿ ಬೊಲಿವಿಯಾ. ಅಲ್ಲಿ ಐದಾರು ದಿನ, ಹೆಚ್ಚಿನ ಭಾಗ 3,500 ಮೀಟರ್‌ಗಿಂತ ಮೇಲೆ. ನಮ್ಗೆ ಜನವರಿ ಅಂದ್ರೆ ಸಂಕ್ರಾಂತಿ ಚಳಿ, ಅಲ್ಲಿ ಅದು ಬೇಸಿಗೆ, ಆ ಎತ್ತರದ ಬಯಲಿನಲ್ಲಿ ಮಳೆಗಾಲ ಇರೋದೇ ಆ ಟೈಮಲ್ಲಿ. ಟುಪಿಜಾದಿಂದ ಒರುರೋಗೆ ಹೋಗೋ 5ನೇ ಸ್ಟೇಜನ್ನ ಮಧ್ಯದಲ್ಲೇ ಕಟ್ ಮಾಡಿದ್ರು. ಒರುರೋ–ಲಾ ಪಾಸ್ 6ನೇ ಸ್ಟೇಜು ಕ್ಯಾನ್ಸಲ್. 7, 8 ಕೂಡ ಮೊಟಕಾದ್ವು. ಆಮೇಲೆ ಜನವರಿ 10ಕ್ಕೆ ಅರ್ಜೆಂಟೀನಾದ ಹುಹುಯ್ ಪ್ರಾಂತ್ಯದಲ್ಲಿ ವೊಲ್ಕಾನ್ ಅನ್ನೋ ಊರಿನ ಮೇಲೆ ಗುಡ್ಡದ ಮಣ್ಣು ಕುಸಿದು ಬಂತು, ಹೈವೇನೇ ಮುಚ್ಚಿಹೋಯ್ತು, ಊರಿನ ಮನೆಗಳೊಳಗೆ ಕೆಸರು ನುಗ್ತು, ಜೀವಗಳೂ ಹೋದ್ವು. ರ‍್ಯಾಲಿ ಗಾಡಿಗಳು ಸಾಲ್ಟಾ ಮುಟ್ಟೋಕೇ ಆಗ್ಲಿಲ್ಲ, 9ನೇ ಸ್ಟೇಜೂ ಕ್ಯಾನ್ಸಲ್.

ನನ್ನ ಮಾತು ಇಷ್ಟೇ. ಸ್ಟೇಜ್ ಕ್ಯಾನ್ಸಲ್ ಆಯ್ತು ಅಂದ್ರೆ ಸ್ಟಾಪ್‌ವಾಚ್ ನಿಂತಿತು ಅಂತ ಮಾತ್ರ. ಬೈಕು ನಿಲ್ಲಲ್ಲ, ಮಳೆ ನಿಲ್ಲಲ್ಲ, ರೈಡರ್ ಮುಂದಿನ ಊರಿಗೆ ಅದೇ ಬೈಕ್ ಮೇಲೇ ಹೋಗ್ಬೇಕು. ಹೊಸ ಟೀಮಿಗೆ ಅದರಷ್ಟು ಕಷ್ಟದ ದಿನ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಗೊತ್ತಿರೋರು ಹೇಳಿ.

ಬಸವನಗುಡಿ_ಬುಲೆಟ್

ಸಂತೋಷ್ ಬಗ್ಗೆ ನಂಗೂ ಗೌರವ ಇದೆ, 2015ರಲ್ಲೇ 36ನೇಯವರಾಗಿ ಮುಗಿಸಿ ಬೈಕಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ ಆದವ್ರು ಅವ್ರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲೆಕ್ಕ ಲೆಕ್ಕವೇ ಅಲ್ವಾ. ಸ್ಪೆಷಲ್ ಕಿಲೋಮೀಟರ್ ಕಮ್ಮಿ ಆದ್ರೆ ಬೀಳೋ ಚಾನ್ಸ್ ಕಮ್ಮಿ, ಇಂಜಿನ್ ಕೈಕೊಡೋ ಚಾನ್ಸ್ ಕಮ್ಮಿ, ದೇಹಕ್ಕೆ ಸುಸ್ತು ಕಮ್ಮಿ. ಮುಂದೆ ಇರೋ ಫ್ಯಾಕ್ಟರಿ (ಬೈಕ್ ಕಂಪನಿಯ ಸ್ವಂತ ಟೀಮಿನ) ರೈಡರ್‌ಗೆ ಟೈಮ್ ಎಳೆಯೋ ಅವಕಾಶ ತಪ್ತು ಅಂತ ಬೇಜಾರಾಗ್ಬಹುದು, ಆದ್ರೆ ಹಿಂದೆ ಇರೋರಿಗೆ, ಬರೀ ಮುಗಿಸಬೇಕು ಅಂತ ಬಂದೋರಿಗೆ, ಕಟ್ ಆದ ಸ್ಟೇಜ್ ಅನುಕೂಲನೇ. ಇನ್ನೊಂದು, ಹೀರೋನ ಇಂಡಿಯನ್ ಟೀಮ್ ಅಂತ ಕರೀತೀವಿ ಸರಿ, ಬೈಕ್ ಮಾಡಿದ್ದು ಜರ್ಮನಿಯ ಸ್ಪೀಡ್‌ಬ್ರೇನ್ ಜೊತೆ ಸೇರಿ, ಜೊತೆಗಿದ್ದ ರೈಡರ್ ಜೋಕಿಂ ರೊಡ್ರಿಗೇಸ್ ಪೋರ್ಚುಗಲ್‌ನೋರು. ಇದನ್ನೂ ಹೇಳ್ಬೇಕು.

ಮೆಕ್ಯಾನಿಕ್_ಮಂಜು

ಬುಲೆಟ್ ಸರ್, ದೇಹಕ್ಕೆ ಸುಸ್ತು ಕಮ್ಮಿ ಅನ್ನೋದನ್ನ ನಾನು ಒಪ್ಪಲ್ಲ. ನಾನು ಡರ್ಟ್ ಬೈಕ್ ರಿಪೇರಿ ಮಾಡೋನು, ಬೈಕ್ ಕಡೆಯಿಂದ ಹೇಳ್ತೀನಿ.

3,600 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ 450 ಸಿಸಿ ಸಿಂಗಲ್ ಸಿಲಿಂಡರ್ ಇಂಜಿನ್ನಿಗೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಪವರ್ ಅಲ್ಲೇ ಹೋಗುತ್ತೆ. ಇಂಜೆಕ್ಷನ್ ಮ್ಯಾಪ್, ಅಂದ್ರೆ ಪೆಟ್ರೋಲ್ ಬಿಡೋ ಸೆಟ್ಟಿಂಗ್, ಎಷ್ಟೇ ಸರಿ ಮಾಡಿದ್ರೂ ಇಲ್ಲದ ಗಾಳೀನ ಎಲ್ಲಿಂದ ತರೋದು. ಆ ಇಂಜಿನ್ ಈಗ ಕೆಸರಲ್ಲಿ ಹೋಗ್ಬೇಕು. ಒಣ ನೆಲದಲ್ಲಿ ಮೂರನೇ ಗೇರಲ್ಲಿ ಹೋಗೋ ಕಡೆ ಕೆಸರಲ್ಲಿ ಎರಡನೇ ಗೇರು, ಕ್ಲಚ್ ಜಾರಿಸ್ಕೊಂಡೇ ಹೋಗ್ಬೇಕು, ಪ್ಲೇಟ್ ಸುಡುತ್ತೆ. ಮುಂದಿನ ಚಕ್ರ ಎಸೆಯೋ ಕೆಸರೆಲ್ಲ ನೇರ ಹೋಗಿ ರೇಡಿಯೇಟರ್‌ಗೆ ಬಡಿಯುತ್ತೆ. ರೇಡಿಯೇಟರ್ ಫಿನ್ ಮಧ್ಯೆ ಕೂತ ಜೇಡಿಮಣ್ಣು ಇಂಜಿನ್ ಬಿಸಿಗೆ ಒಣಗಿ ಇಟ್ಟಿಗೆ ಆಗಿಬಿಡುತ್ತೆ, ಮಳೆ ಸುರೀತಿದ್ರೂ ಬೈಕ್ ಓವರ್‌ಹೀಟ್ ಆಗೋದು ಅದಕ್ಕೇ. ಅದನ್ನ ಪ್ರೆಷರ್ ವಾಷರ್ ಇಟ್ಟು ಹೊಡೆದ್ರೆ ಫಿನ್ ಮಡಚಿಕೊಳ್ಳುತ್ತೆ, ನಿಧಾನಕ್ಕೆ ನೀರು ಬಿಟ್ಟು ಬಿಟ್ಟು ಹಿಂದಿನಿಂದ ಮುಂದಕ್ಕೆ ತಳ್ಳಬೇಕು. ವೀಲ್ ಬೇರಿಂಗ್, ಲಿಂಕೇಜ್ ಬೇರಿಂಗ್, ಚೈನು, ಬ್ರೇಕ್ ಪ್ಯಾಡು, ಇವೆಲ್ಲ ಒಣ ಸ್ಟೇಜಲ್ಲಿ ಎರಡು ಮೂರು ದಿನ ಬರೋದು ಕೆಸರಲ್ಲಿ ಒಂದೇ ದಿನಕ್ಕೆ ಮುಗೀಬಹುದು. ಪ್ಯಾಡಂತೂ ಮರಳು ಕಾಗದದ ಮೇಲೆ ಉಜ್ಜಿದಂಗೆ ಹೋಗುತ್ತೆ.

ಇದನ್ನೆಲ್ಲ ಎಲ್ಲಿ ರಿಪೇರಿ ಮಾಡೋದು? ಬೀವಾಕ್‌ನಲ್ಲಿ, ಅಂದ್ರೆ ರಾತ್ರಿ ಕ್ಯಾಂಪಲ್ಲಿ. ಒರುರೋದ ಕ್ಯಾಂಪು ಆ ರಾತ್ರಿ ಕೆಸರಾಗಿತ್ತು. ಟಾರ್ಪಾಲ್ ಹಾಸಿ ಅದರ ಮೇಲೆ ಇಂಜಿನ್ ಬಿಚ್ಚಿದ್ರೆ ಒಂದು ಚಿಟಿಕೆ ಕೆಸರು ಒಳಗೆ ಹೋದ್ರೂ ಸಾಕು, ನಾಳೆ ರೇಸ್ ಮುಗೀತು. ಬೈಕ್ ತೊಳೆಯೋಕೆ ಒಂದು ಗಂಟೆ, ಕೆಲಸ ಶುರು ಆಗೋದು ಅದಾದ್ಮೇಲೆ. ಸ್ಪೆಷಲ್ ಕಿಲೋಮೀಟರ್ ಕಮ್ಮಿ ಆಯ್ತು ಅನ್ನೋ ಲೆಕ್ಕದಲ್ಲಿ ಈ ಗಂಟೆಗಳು ಬರೋದೇ ಇಲ್ಲ.

ಧಾರವಾಡ_ಡರ್ಟ್

ಮಂಜಣ್ಣ ಮಸ್ತ್ ಹೇಳಿದ್ರಿ. ಒಂದ್ ಸ್ವಲ್ಪ ನಮ್ಮಂಥವರಿಗೂ ತಿಳಿಯೂಹಂಗ ಹೇಳ್ರಿ, ಸ್ಪೆಷಲ್ ಅಂದ್ರ ಏನು, ಲಿಯೇಜಾನ್ ಅಂದ್ರ ಏನು? ಸ್ಟೇಜ್ ಕ್ಯಾನ್ಸಲ್ ಆದ ಮ್ಯಾಲೂ ಬೈಕ್ ಓಡಿಸಬೇಕಂತ ಮ್ಯಾಲೆ ಬರದಾರಲ್ಲ, ಅದು ಯಾಕ? ಟ್ರಕ್‌ನ್ಯಾಗ ಹಾಕ್ಕೊಂಡು ಹೋಗಾಕ ಬರಂಗಿಲ್ಲೇನು?

ಮಲೆನಾಡ_ಮಣ್ಣು

@ಧಾರವಾಡ_ಡರ್ಟ್ ಬೆಳಿಗ್ಗೆ ಕ್ಯಾಂಪಿಂದ ರೇಸ್ ಶುರು ಆಗೋ ಜಾಗದವರೆಗೆ, ಆಮೇಲೆ ರೇಸ್ ಮುಗಿದ ಜಾಗದಿಂದ ಮುಂದಿನ ಕ್ಯಾಂಪಿನವರೆಗೆ ಸಾಮಾನ್ಯ ರೋಡಲ್ಲಿ ಹೋಗೋದು ಲಿಯೇಜಾನ್. ಅಲ್ಲಿ ಟೈಮ್ ರೇಸ್ ಇಲ್ಲ, ಸ್ಪೀಡ್ ಲಿಮಿಟ್ ಇದೆ, ಮೀರಿದ್ರೆ ಪೆನಾಲ್ಟಿ. ಮಧ್ಯದಲ್ಲಿ ಆಫ್‌ರೋಡಲ್ಲಿ ಸೆಕೆಂಡ್ ಲೆಕ್ಕದಲ್ಲಿ ಓಡೋದು ಸ್ಪೆಷಲ್. ರೇಸಲ್ಲಿರೋ ಬೈಕು ದಿನವೂ ತನ್ನ ಚಕ್ರದ ಮೇಲೇ ಹೋಗ್ಬೇಕು, ಟ್ರಕ್ಕಿಗೆ ಹತ್ತಿಸಿದ್ರೆ ನೀವು ರೇಸಲ್ಲಿಲ್ಲ ಅಂತ. ಹಾಗಾಗಿ ಸ್ಪೆಷಲ್ ರದ್ದಾದ್ರೂ ಒರುರೋದಿಂದ ಲಾ ಪಾಸ್‌ವರೆಗಿನ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಒದ್ದೆ ಬಟ್ಟೆಯಲ್ಲೇ ಹೋಗ್ಬೇಕಿತ್ತು. ಮೇಲೆ ಹೇಳಿದ ಎತ್ತರದಲ್ಲಿ.

ಲಿಯೇಜಾನ್ ಬಗ್ಗೆ ಯಾರೂ ಮಾತಾಡಲ್ಲ ಆದ್ರೆ ಚಳಿ ಹಿಡಿಯೋದು ಅಲ್ಲೇ. ಸ್ಪೆಷಲ್‌ನಲ್ಲಿ ನಿಂತ್ಕೊಂಡು ಓಡಿಸ್ತಾ ಮೈ ಬಿಸಿಯಾಗಿರುತ್ತೆ, ಬೆವರು ಮತ್ತು ಮಳೆ ಎರಡರಲ್ಲೂ ಒಳಬಟ್ಟೆ ನೆಂದಿರುತ್ತೆ, ಆಮೇಲೆ ಟಾರ್ ರೋಡಲ್ಲಿ ಸುಮ್ನೆ ಕೂತು ಗಂಟೆಗೆ ತೊಂಬತ್ತು ನೂರರಲ್ಲಿ ಗಾಳಿ ಹೊಡೆಸ್ಕೊಂಡು ಹೋಗೋವಾಗ ಕೈ ಬೆರಳಿಗೆ ಕ್ಲಚ್ ಲಿವರ್ ಸಿಕ್ಕಿದ್ಯೋ ಇಲ್ವೋ ಗೊತ್ತಾಗಲ್ಲ. ನಮ್ಮ ಕಡೆ ಆಗುಂಬೆ ಘಾಟಲ್ಲಿ ಆಷಾಢದ ಮಳೆಯಲ್ಲಿ ಓಡಿಸಿದೋರಿಗೆ ನೆನೆಯೋದು ಗೊತ್ತು. ಆದ್ರೆ ನಮ್ಮ ಮಳೆ ಬೆಚ್ಚಗಿನ ಮಳೆ, ನಿಲ್ಲಿಸಿ ಒಂದು ಕಾಫಿ ಕುಡಿದ್ರೆ ಸರಿಹೋಗುತ್ತೆ. ಬೊಲಿವಿಯಾದ ಮಳೆ ಮಧ್ಯೆ ಆಲಿಕಲ್ಲು ಬರುತ್ತೆ, ಉಸಿರಿಗೆ ಗಾಳಿ ಸಾಲಲ್ಲ, ತಲೆ ಸಿಡಿಯುತ್ತೆ, ರಾತ್ರಿ ನಿದ್ದೆ ಹತ್ತಲ್ಲ. ಅಲ್ಲಿನ ಜನ ಎತ್ತರದ ಸುಸ್ತಿಗೆ ಕೋಕಾ ಎಲೆ ಅಗಿಯೋದು ಸುಮ್ನೆ ಅಲ್ಲ.

ಇನ್ನು ರೋಡ್‌ಬುಕ್. ಅಂದ್ರೆ ಯಾವ ಕಿಲೋಮೀಟರಲ್ಲಿ ಎಲ್ಲಿ ತಿರುಗ್ಬೇಕು ಅಂತ ದಾರಿ ಹೇಳೋದು. ಆ ವರ್ಷಗಳಲ್ಲಿ ಅದು ಕಾಗದದ ಸುರುಳಿ, ಹಿಂದಿನ ದಿನ ಸಂಜೆ ಕೈಗೆ ಬರುತ್ತೆ. ರೈಡರ್ ಊಟ ಮಾಡಿ ಟೆಂಟಲ್ಲಿ ಕೂತು ಬಣ್ಣಬಣ್ಣದ ಹೈಲೈಟರ್ ಇಟ್ಟು ಗುರುತು ಹಾಕ್ಬೇಕು: ಅಪಾಯಕ್ಕೆ ಒಂದು ಬಣ್ಣ, ದಿಕ್ಕು ಬದಲಾಗೋ ಕಡೆ ಇನ್ನೊಂದು. ಒಂದು ಎಚ್ಚರಿಕೆ ಚಿಹ್ನೆ ಅಂದ್ರೆ ಹುಷಾರು, ಮೂರು ಅಂದ್ರೆ ಪ್ರಾಣಕ್ಕೇ ಸಂಚಕಾರ. ಸುರುಳಿನ ಹ್ಯಾಂಡಲ್ ಮುಂದಿನ ಡಬ್ಬಿಗೆ ಹಾಕಿ ಎಡಗೈ ಬಟನ್ನಿಂದ ತಿರುಗಿಸ್ಕೊಂಡು ಹೋಗೋದು. ಪಕ್ಕದಲ್ಲಿ ಟ್ರಿಪ್ ಮೀಟರು, ದಿಕ್ಕು ತೋರಿಸೋ ಇನ್ನೊಂದು ಪುಟ್ಟ ಡಿಸ್ಪ್ಲೇ. ದಾರಿ ತಪ್ಪಿ ಅರ್ಧ ಕಿಲೋಮೀಟರ್ ಹೋಗಿ ವಾಪಸ್ ಬಂದ್ರೆ ಟ್ರಿಪ್ಪನ್ನ ಬಟನ್ ಒತ್ತಿ ಒತ್ತಿ ಸರಿ ಮಾಡ್ಬೇಕು, ಇಲ್ಲಾಂದ್ರೆ ಮುಂದಿನ ಒಂದೊಂದು ತಿರುವೂ ತಪ್ಪು. ಮರಗಟ್ಟಿದ ಬೆರಳಲ್ಲಿ, ಒದ್ದೆ ಗ್ಲೌಸಲ್ಲಿ ಇದನ್ನ ಮಾಡ್ಬೇಕು. ಡಬ್ಬಿ ಒಳಗೆ ಆವಿ ಕಟ್ಟಿದ್ರೆ ಅಕ್ಷರ ಕಾಣಲ್ಲ, ಗಾಗಲ್ಸ್ ಮೇಲೆ ಕೆಸರು.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಏನಂದ್ರೆ ರೋಡ್‌ಬುಕ್ ಬರೆಯೋರು ತಿಂಗಳುಗಳ ಮುಂಚೆ ಹೋಗಿ ದಾರಿ ನೋಡ್ಕೊಂಡು ಬಂದಿರ್ತಾರೆ. ಅವರು ಒಣ ಹಳ್ಳ ಅಂತ ಬರೆದ ಕಡೆ ನೀವು ಹೋಗೋ ಹೊತ್ತಿಗೆ ಕೆಂಪು ನೀರು ಹರೀತಿರುತ್ತೆ, ಆಳ ಎಷ್ಟು ಅಂತ ಯಾರ ಕಾಗದದಲ್ಲೂ ಇಲ್ಲ. ಆ ವರ್ಷ ದಾರಿ ಹುಡುಕೋದನ್ನ ಬೇಕಂತಲೇ ಕಷ್ಟ ಮಾಡಿದ್ರು, ಮಾರ್ಕ್ ಕೋಮಾ ಆಗ ಡಕಾರ್ ಆಯೋಜಕರ ಸ್ಪೋರ್ಟಿಂಗ್ ಡೈರೆಕ್ಟರ್, ತಾನೇ ಐದು ಸಲ ಗೆದ್ದ ಮನುಷ್ಯ. ಹಿಂದಿನ ವರ್ಷದ ಚಾಂಪಿಯನ್ ಟೋಬಿ ಪ್ರೈಸ್ 4ನೇ ಸ್ಟೇಜಲ್ಲೇ ತೊಡೆ ಮೂಳೆ ಮುರ್ಕೊಂಡು ಹೊರಗೆ ಹೋದ್ರು. ಮೊದಲ ಸಲ ಡಕಾರ್‌ಗೆ ಬಂದಿದ್ದ ನಮ್ಮ ಉಡುಪಿ ಕಡೆಯ ಅರವಿಂದ್ ಕೆ.ಪಿ. ಕೂಡ ಆ ವರ್ಷ ಪೂರ್ತಿ ಮಾಡೋಕಾಗ್ಲಿಲ್ಲ. ಇಷ್ಟರ ಮಧ್ಯೆ ಹೊಸ ಟೀಮು, ಹೊಸ ಬೈಕು, ಎರಡು ರೈಡರ್, ಇಬ್ಬರೂ ಫಿನಿಶ್. ನಂಗೆ ಇದು ದೊಡ್ಡದೇ.

ಧಾರವಾಡ_ಡರ್ಟ್

ಅರವಿಂದ್ ಅಂದ್ರ ಬಿಗ್ ಬಾಸ್ ರನ್ನರ್ ಅಪ್ ಆಗಿದ್ರಲ್ಲ, ಅವರೇ ಅಲ್ರೀ? ನಮ್ಮ ಮನ್ಯಾಗ ಎಲ್ಲಾರಿಗೂ ಅವರು ಟಿವಿಯಿಂದನ ಗೊತ್ತು, ಬೈಕ್ ವಿಷಯ ಯಾರಿಗೂ ಗೊತ್ತಿಲ್ಲ.

ಹೊಸೂರುರೋಡ್450

ಅವರೇ. ಟಿವಿಎಸ್ ರೇಸಿಂಗ್‌ನಲ್ಲಿ ಬೆಳೆದವ್ರು. 2017, 2018 ಎರಡೂ ಸಲ ಅರ್ಧಕ್ಕೇ ನಿಲ್ಲಬೇಕಾಯ್ತು, 2019ಕ್ಕೆ ಮೂರನೇ ಸಲ ಹೋಗಿ 37ನೇಯವರಾಗಿ ಮುಗಿಸಿದ್ರು. ಅವರನ್ನ ಟಿವಿಯಲ್ಲಿ ನೋಡಿದ ಲಕ್ಷಾಂತರ ಜನಕ್ಕೆ ಈ ಒಂದು ಸಾಲು ಯಾರಾದ್ರೂ ಹೇಳ್ಬೇಕಿತ್ತು ಅಂತ ನಂಗೆ ಯಾವಾಗಲೂ ಅನ್ಸುತ್ತೆ. ಎರಡು ಸಲ ಅರ್ಧ ದಾರೀಲಿ ನಿಂತೋರು ಮೂರನೇ ಸಲ ಹೋಗೋದು ಸಣ್ಣ ವಿಷ್ಯ ಅಲ್ಲ.

ಬಸವನಗುಡಿ_ಬುಲೆಟ್

ಮಂಜು ಹೇಳಿದ ಬೈಕ್ ವಿಷ್ಯ, ಮಣ್ಣು ಅವರು ಹೇಳಿದ ಚಳಿ ವಿಷ್ಯ ಎರಡೂ ಸರಿ. ಆದ್ರೂ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ರ‍್ಯಾಲಿ-ರೇಡ್ ಅಂದ್ರೇನೇ ಹವಾಮಾನ ಸಮೇತ ಬಂದದ್ದನ್ನ ಎದುರಿಸೋದು. ಹಾಗಿದ್ಮೇಲೆ ಮಳೆ ಬಂತು ಅಂತ ಸ್ಟೇಜ್ ಯಾಕೆ ರದ್ದು ಮಾಡ್ಬೇಕು? ಕೆಸರಲ್ಲಿ ಓಡಿಸೋಕೆ ಗೊತ್ತಿರೋನು ಗೆಲ್ಲಲಿ. ಮಳೆಗಾಲ ಅಂತ ಗೊತ್ತಿದ್ದೂ ಅಲ್ಲಿಗೆ ಕರ್ಕೊಂಡು ಹೋಗಿ ಆಮೇಲೆ ನಿಲ್ಲಿಸೋದು ಆಯೋಜಕರ ತಪ್ಪಲ್ವಾ? ಅದರ ಮಾರನೇ ವರ್ಷ 2018ರಲ್ಲೂ ಅದೇ ಕಥೆ, ಟುಪಿಜಾ–ಸಾಲ್ಟಾ 9ನೇ ಸ್ಟೇಜ್ ಮತ್ತೆ ಹವಾಮಾನಕ್ಕೆ ರದ್ದು.

ಮಲೆನಾಡ_ಮಣ್ಣು

ರದ್ದು ಮಾಡದೆ ಓಡಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ 2015 ಇದೆಯಲ್ಲ. ಆ ವರ್ಷದ 8ನೇ ಸ್ಟೇಜು, ಜನವರಿ 12, ಉಯುನಿಯಿಂದ ಚಿಲಿಯ ಇಕಿಕೆಗೆ. ಸಂತೋಷ್‌ಗೆ ಅದು ಮೊದಲ ಡಕಾರ್, ಕೆಟಿಎಂ ಬೈಕಲ್ಲಿ.

ಸಲಾರ್ ದೆ ಉಯುನಿ ಅಂದ್ರೆ ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡ ಉಪ್ಪಿನ ಬಯಲು, ಒಣಗಿದ್ದಾಗ ಗಾಜಿನ ಹಾಗೆ ಚಪ್ಪಟೆ. ಮಳೆ ಬಂದು ನೀರು ನಿಂತ್ರೆ ಆಕಾಶ ಪೂರ್ತಿ ಕೆಳಗೆ ಕಾಣುತ್ತೆ, ಟೂರಿಸ್ಟ್ ಫೋಟೋಗಳಲ್ಲಿ ಎಲ್ರೂ ನೋಡಿರ್ತೀರಿ. ಆ ದಿನ ಬೆಳಿಗ್ಗೆ ಅಲ್ಲಿ ನೀರು ನಿಂತಿತ್ತು, ರೈಡರ್‌ಗಳು ಸ್ಟಾರ್ಟ್‌ನಲ್ಲೇ ಇದು ಬೇಡ ಅಂದ್ರು, ಆದ್ರೂ ಬಿಟ್ರು. ಈಗ ಲೆಕ್ಕ ಹಾಕಿ: ಮೈ ಕೊರೆಯೋ ಚಳಿಯಲ್ಲಿ ಟಾಪ್ ಗೇರಲ್ಲಿ ಉಪ್ಪು ನೀರಿನ ಮೇಲೆ ಬೈಕು. ಚಕ್ರ ಎರಚೋ ನೀರು ಬಿಸಿ ಇಂಜಿನ್ ಮೇಲೆ, ಸೈಲೆನ್ಸರ್ ಮೇಲೆ, ರೇಡಿಯೇಟರ್ ಮೇಲೆ ಬಿದ್ದ ತಕ್ಷಣ ನೀರು ಆವಿ ಆಗುತ್ತೆ, ಉಪ್ಪು ಉಳಿಯುತ್ತೆ. ಪದರದ ಮೇಲೆ ಪದರ. ಬೈಕೂ ರೈಡರೂ ಬಿಳಿ ಸುಣ್ಣ ಬಳಿದಂಗೆ ಆಗಿದ್ರು. ಉಪ್ಪು ನೀರಿಗೆ ಕರೆಂಟ್ ಹರಿಯುತ್ತೆ, ಕನೆಕ್ಟರ್ ಒಳಗೆ ಹೋದ್ರೆ ವೈರಿಂಗ್ ಶಾರ್ಟ್. ಲೀಡಿಂಗಲ್ಲಿದ್ದ ಹೋಂಡಾದ ಜುವಾನ್ ಬರೇಡಾ ಬೈಕ್ ಎಲೆಕ್ಟ್ರಿಕಲ್ ಕೈಕೊಟ್ಟು ನಿಂತೇಹೋಯ್ತು, ಟೀಮಿನ ಇನ್ನೊಬ್ಬ ರೈಡರ್ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ಆ ವರ್ಷದ ಡಕಾರ್ ಅವತ್ತೇ ಅವರ ಕೈ ತಪ್ತು, ಆಗ ಇನ್ನೂ ರೈಡರ್ ಆಗಿದ್ದ ಮಾರ್ಕ್ ಕೋಮಾ ಲೀಡ್ ತಗೊಂಡ್ರು, ಕೊನೆಗೆ ಅವರೇ ಗೆದ್ರು. ಎಷ್ಟೋ ಖಾಸಗಿ ರೈಡರ್‌ಗಳ ರೇಸ್ ಆ ಉಪ್ಪಲ್ಲೇ ಮುಗೀತು.

ಸಂತೋಷ್ ಅದನ್ನ ದಾಟಿ ಹೋದ್ರು. ಬ್ಯೂನಸ್ ಐರಿಸ್‌ವರೆಗೂ ಹೋದ್ರು. ಫ್ಯಾಕ್ಟರಿ ಟೀಮಿನ ಹತ್ತು ಜನ ಮೆಕ್ಯಾನಿಕ್ ಹಿಂದೆ ಇರೋ ರೈಡರ್ ಅಲ್ಲ ಅವರು ಆಗ. ಬುಲೆಟ್ ಸರ್, 36 ಅನ್ನೋ ನಂಬರ್ ನೋಡುವಾಗ ಆ ಉಪ್ಪನ್ನ ನೆನಪಿಟ್ಕೊಂಡು ನೋಡ್ಬೇಕು ಅಂತ ನಂಗೆ ಅನ್ಸುತ್ತೆ.

ಮೆಕ್ಯಾನಿಕ್_ಮಂಜು

ಉಪ್ಪಿನ ಬಗ್ಗೆ ಒಂದು ಸೇರಿಸ್ತೀನಿ. ಕೆಸರು ತೊಳೆದ್ರೆ ಹೋಗುತ್ತೆ. ಉಪ್ಪು ಹಾಗಲ್ಲ, ಹೊರಗೆ ತೊಳೆದ್ರೂ ಕನೆಕ್ಟರ್ ಪಿನ್ ಒಳಗೆ, ಸ್ವಿಚ್ ಒಳಗೆ, ಬೇರಿಂಗ್ ಸೀಲ್ ಹಿಂದೆ ಕೂತ್ಕೊಂಡು ಒಳಗೊಳಗೇ ತಿನ್ನುತ್ತೆ. ಅವತ್ತು ಸ್ಟಾರ್ಟ್ ಆದ ಬೈಕು ಎರಡು ದಿನ ಬಿಟ್ಟು ಮರುಭೂಮಿ ಮಧ್ಯೆ ನಿಲ್ಲಬಹುದು. ನಮ್ಮ ಕರಾವಳಿ ಕಡೆ ಬೀಚಲ್ಲಿ ಬೈಕ್ ಓಡಿಸಿ ಫೋಟೋ ಹಾಕೋ ಹುಡುಗರಿಗೆ ನಾನು ಯಾವಾಗಲೂ ಹೇಳೋದು ಇದನ್ನೇ, ವಾಪಸ್ ಬಂದ ಕೂಡ್ಲೇ ಸಿಹಿನೀರಲ್ಲಿ ತೊಳೀರಿ, ಕನೆಕ್ಟರ್ ಬಿಚ್ಚಿ ಕ್ಲೀನರ್ ಹೊಡೀರಿ, ಗ್ರೀಸ್ ಹಾಕ್ರಿ. ರೇಸ್ ಟೀಮುಗಳು ಕನೆಕ್ಟರ್‌ಗಳಿಗೆಲ್ಲ ಮೊದಲೇ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಗೊಡದ) ಗ್ರೀಸ್ ತುಂಬಿ ಸೀಲ್ ಮಾಡೋದು ಇದೇ ಕಾರಣಕ್ಕೆ.

ಕುಂದಾಪ್ರ_ಟು_ರಿಯಾದ್

ನಾನು ಸೌದಿಯಲ್ಲಿ ಕೆಲಸ ಮಾಡುದು, ರೇಸ್ ರದ್ದು ಯಾಕೆ ಮಾಡ್ತಾರೆ ಅನ್ನುದಕ್ಕೆ ಹೇಳ್ತೇನೆ ಮಾರಾಯ್ರೆ. ರೇಸ್ ದಕ್ಷಿಣ ಅಮೆರಿಕ ಬಿಟ್ಟು ಸೌದಿಯ ಮರುಭೂಮಿಗೆ ಬಂದ ಮೇಲೆ ಎಲ್ಲರೂ ಡಕಾರ್‌ಗೆ ಮಳೆ ಕಾಟ ಮುಗಿಯಿತು ಅಂತ ತಿಳ್ಕೊಂಡಿದ್ರು. 2023ರದ್ದು ನೋಡಿ. ಹಿಂದಿನ ದಶಂಬರ 31ಕ್ಕೆ ಕೆಂಪು ಸಮುದ್ರದ ಬದಿಯಲ್ಲಿ ಶುರು ಆದದ್ದು, ಮೊದಲ ವಾರವೇ ಮಳೆ. ಅಲ್‌ಉಲಾದಿಂದ ಹಾಯಿಲ್‌ಗೆ ಹೋಗುವ 3ನೇ ಸ್ಟೇಜನ್ನು ಬಿರುಗಾಳಿ ಮಳೆಗೆ ಅರ್ಧದಲ್ಲಿ ನಿಲ್ಲಿಸಬೇಕಾಯ್ತು. ಅಲ್ ದುವಾದಿಮಿಯ ಕ್ಯಾಂಪ್ ಜಾಗದಲ್ಲಿ ನೀರು ನಿಂತು ಎಲ್ಲರನ್ನೂ ಸೀದಾ ರಿಯಾದ್‌ಗೆ ಕಳಿಸಿದ್ರು, ಬೈಕಿನವರಿಗೆ 7ನೇ ಸ್ಟೇಜೇ ರದ್ದು ಮಾಡಿದ್ರು. ಇಲ್ಲಿಯ ನೆಲ ನಮ್ಮ ಊರಿನ ಹಾಗೆ ನೀರು ಕುಡಿಯುದಿಲ್ಲ, ಒಂದು ಗಂಟೆ ಮಳೆ ಬಂದ್ರೆ ವಾದಿಗಳಲ್ಲಿ, ಅಂದ್ರೆ ಇಲ್ಲಿಯ ಒಣ ಹಳ್ಳಗಳಲ್ಲಿ, ಹೊಳೆ ಬಂದ ಹಾಗೆ ಬರ್ತದೆ, ಮೇಲೆ ಎಲ್ಲೋ ಬಿದ್ದ ಮಳೆ ಒಣ ಬಿಸಿಲಲ್ಲಿ ಇರುವವನ ಕಾಲಡಿಗೆ ಬರ್ತದೆ.

ಈಗ ಬುಲೆಟ್‌ರ ಪ್ರಶ್ನೆ. ಕೆಸರಲ್ಲಿ ಓಡಿಸ್ಲಿಕ್ಕೆ ಆಗುದಿಲ್ಲ ಅಂತ ಅಲ್ಲ ರದ್ದು ಮಾಡುದು. ಮೆಡಿಕಲ್ ಹೆಲಿಕಾಪ್ಟರ್ ಹಾರ್ಲಿಕ್ಕೆ ಆಗದಿದ್ರೆ ಸ್ಪೆಷಲ್ ಓಡಿಸ್ಲಿಕ್ಕೆ ಇಲ್ಲ. ಬೈಕಿನವ ಬಿದ್ರೆ ಹತ್ತಿರದ ರೋಡು ನೂರು ಕಿಲೋಮೀಟರ್ ದೂರ ಇರ್ತದೆ. ಬೈಕಲ್ಲಿ ಸ್ಯಾಟಲೈಟ್ ಟ್ರ್ಯಾಕರ್ ಇರ್ತದೆ, ಬಿದ್ದದ್ದು ಗೊತ್ತಾಗ್ತದೆ, ಆದ್ರೆ ಡಾಕ್ಟರ್ ಅಲ್ಲಿಗೆ ಬರುದು ಆಕಾಶದಿಂದಲೇ. ನಮ್ಮ ಸಂತೋಷ್‌ರನ್ನೇ ನೋಡಿ. 2021ರ 4ನೇ ಸ್ಟೇಜ್, ವಾದಿ ಅದ್ ದವಾಸಿರ್‌ನಿಂದ ರಿಯಾದ್‌ಗೆ ಬರುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರಲ್ಲಿ ರಿಯಾದ್ ಆಸ್ಪತ್ರೆಗೆ ತಂದ್ರು, ಔಷಧಿ ಕೊಟ್ಟು ಕೋಮಾದಲ್ಲಿ ಇಟ್ಟಿದ್ರು. ಆ ದಿನಗಳಲ್ಲಿ ಇಲ್ಲಿದ್ದ ನಮ್ಮ ಕನ್ನಡದವರು ಎಷ್ಟು ಜನ ದೇವರಿಗೆ ಹರಕೆ ಹೇಳ್ಕೊಂಡಿದ್ದಾರೋ. ಅವರು ಗುಣ ಆಗಿ ಊರಿಗೆ ಹೋದ್ರು. ಆವತ್ತು ಮೋಡ ಕವಿದು ಹೆಲಿಕಾಪ್ಟರ್ ಏಳದೆ ಇದ್ದಿದ್ರೆ? ಅದಕ್ಕೆ ನಾನು ರದ್ದು ಮಾಡಿದ್ದನ್ನು ಯಾವತ್ತೂ ಬೈಯ್ಯುದಿಲ್ಲ.

ಹೊಸೂರುರೋಡ್450

ಈ ಹೆಲಿಕಾಪ್ಟರ್ ಮಾತು ಎಲ್ರೂ ಓದ್ಬೇಕು. ಹೀರೋ ಟೀಮಿಗಂತೂ ಇದರ ಬೆಲೆ ಚೆನ್ನಾಗಿ ಗೊತ್ತು. 2020ರ ಜನವರಿ 12ಕ್ಕೆ 7ನೇ ಸ್ಟೇಜಲ್ಲಿ ಅದೇ ಟೀಮಿನ ಪಾಲೊ ಗೊನ್ಸಾಲ್ವೆಸ್ ಬಿದ್ದು ತೀರಿಕೊಂಡ್ರು. 2015ರಲ್ಲಿ ಎರಡನೇ ಸ್ಥಾನ ಪಡೆದಿದ್ದ ಅನುಭವಿ ರೈಡರ್. ಅಲ್ಲಿ ಮಳೆ ಇರ್ಲಿಲ್ಲ, ಹೆಲಿಕಾಪ್ಟರ್ ಬಂದಿತ್ತು, ಆದ್ರೂ ಉಳಿಸ್ಕೊಳ್ಳೋಕಾಗ್ಲಿಲ್ಲ. ಮಾರನೇ ದಿನ ಬೈಕ್ ಸ್ಟೇಜ್ ರದ್ದು ಮಾಡಿದ್ರು, ಟೀಮು ರೇಸಿಂದ ವಾಪಸ್ ಆಯ್ತು. ರೊಡ್ರಿಗೇಸ್‌ಗೆ ಅವರು ಟೀಮ್‌ಮೇಟ್ ಮಾತ್ರ ಅಲ್ಲ, ಸಂಬಂಧದಲ್ಲಿ ಭಾವ. ಅದೇ ರೊಡ್ರಿಗೇಸ್ 2022ರಲ್ಲಿ ವಾಪಸ್ ಬಂದು 3ನೇ ಸ್ಟೇಜ್ ಗೆದ್ರು, ಡಕಾರ್‌ನಲ್ಲಿ ಭಾರತದ ಟೀಮೊಂದಕ್ಕೆ ಬಂದ ಮೊದಲ ಸ್ಟೇಜ್ ಗೆಲುವು ಅದು. ಆ ದಿನ ನಾನು ರಿಸಲ್ಟ್ ಪೇಜನ್ನ ಮತ್ತೆ ಮತ್ತೆ ತೆಗೆದು ನೋಡಿದೀನಿ.

ಬಸವನಗುಡಿ_ಬುಲೆಟ್

ಹೆಲಿಕಾಪ್ಟರ್ ಇಲ್ದೆ ಓಡಿಸಬಾರದು, ಅದನ್ನ ನಾನೂ ಒಪ್ತೀನಿ. ನನ್ನ ತಕರಾರು ಇರೋದು ಮಳೆಗಾಲದಲ್ಲಿ ಅಷ್ಟು ಎತ್ತರಕ್ಕೆ ರೂಟ್ ಹಾಕಿದ್ದರ ಬಗ್ಗೆ. ಅದಕ್ಕೆ ಬೇರೆ ಲೆಕ್ಕಾಚಾರ ಇದ್ದಿರಬಹುದು, ಲಾ ಪಾಸ್‌ನಲ್ಲಿ ರೇಸ್ ನೋಡೋಕೆ ಬಂದ ಜನಸಾಗರ ನೋಡಿದ್ರೆ ಅರ್ಥ ಆಗುತ್ತೆ. ಬೊಲಿವಿಯಾದ ಜನಕ್ಕೆ ಅದು ಹಬ್ಬವೇ. ಆದ್ರೆ ರೈಡರ್ ಪ್ರಾಣದ ಮುಂದೆ ಅದು ಎರಡನೇದು.

ಟೀಮ್ ನಮ್ಮದಾ ಅಲ್ವಾ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮೆಕ್ಯಾನಿಕ್_ಮಂಜು

ಕೊಡ್ತೀನಿ ಸರ್. ಡಕಾರ್ ಟೀಮುಗಳು ಎಲ್ಲವೂ ಹಾಗೇ. ಜಪಾನಿನ ಹೋಂಡಾಗೆ ಗೆದ್ದು ಕೊಟ್ಟೋರು ಅಮೆರಿಕದ ರಿಕಿ ಬ್ರಾಬೆಕ್, ಆಸ್ಟ್ರಿಯಾದ ಕೆಟಿಎಂಗೆ 2017ರಲ್ಲಿ ಗೆದ್ದೋರು ಇಂಗ್ಲೆಂಡಿನ ಸ್ಯಾಮ್ ಸಂಡರ್‌ಲ್ಯಾಂಡ್. ಹೋಂಡಾನ ಜಪಾನ್ ಟೀಮ್ ಅಲ್ಲ ಅಂತ ಯಾರೂ ಹೇಳಲ್ಲ. ಗೊತ್ತಿಲ್ಲದ ಕೆಲಸ ಕಲೀಬೇಕಾದ್ರೆ ಗೊತ್ತಿರೋರ ಹತ್ರ ಹೋಗೋದೇ. ಟಿವಿಎಸ್‌ನೋರು 2015ರಲ್ಲಿ ಫ್ರಾನ್ಸಿನ ಶೆರ್ಕೊ ಜೊತೆ ಹೋದ್ರು, ಹೀರೋದೋರು 2016ರಲ್ಲಿ ಸ್ಪೀಡ್‌ಬ್ರೇನ್ ಜೊತೆ ಟೀಮ್ ಕಟ್ಟಿದ್ರು. ಕಲಿತದ್ದು ಫಲ ಕೊಟ್ಟಿದೆ. 2018ರ ಕೆಟ್ಟ ಹವಾಮಾನದಲ್ಲೂ ಹೀರೋದ ಓರಿಯೋಲ್ ಮೇನಾ ಮೊದಲ ಪ್ರಯತ್ನಕ್ಕೇ 7ನೇ ಸ್ಥಾನ, ಸಂತೋಷ್ 34. 2024ರಲ್ಲಿ ಬೋಟ್ಸ್‌ವಾನಾದ ರಾಸ್ ಬ್ರಾಂಚ್ ಹೀರೋ ಬೈಕಲ್ಲಿ ಒಟ್ಟಾರೆ ಎರಡನೇ ಸ್ಥಾನ, ಅದೇ ವರ್ಷ ವಿಶ್ವ ರ‍್ಯಾಲಿ-ರೇಡ್ ಚಾಂಪಿಯನ್ನೂ ಆದ್ರು. 2024ರಲ್ಲೇ ಕೇರಳದ ಹುಡುಗ ಹರಿತ್ ನೋವಾ ಶೆರ್ಕೊ ಬೈಕಲ್ಲಿ ಒಟ್ಟಾರೆ 11, ರ‍್ಯಾಲಿ 2 ಕ್ಲಾಸಲ್ಲಿ (ಟಾಪ್ ಕ್ಲಾಸಿಗಿಂತ ಒಂದು ಹಂತ ಕೆಳಗಿನದು) ಫಸ್ಟ್. ಇದೆಲ್ಲ ಒರುರೋದ ಕೆಸರಲ್ಲಿ ಟಾರ್ಪಾಲ್ ಕೆಳಗೆ ಕೆಲಸ ಮಾಡಿದ ಆ ಮೊದಲ ವರ್ಷದ ಟೀಮಿಂದ ಶುರುವಾದದ್ದು ಅಂತಲೇ ನಾನು ನಂಬಿರೋದು. ಮಳೆಯಲ್ಲಿ ಯಾವ ಸೀಲ್ ಸೋರುತ್ತೆ, ಯಾವ ಕನೆಕ್ಟರ್ ಕೈಕೊಡುತ್ತೆ ಅಂತ ಬೆಂಚ್ ಮೇಲೆ ಟೆಸ್ಟ್ ಮಾಡಿ ಗೊತ್ತಾಗಲ್ಲ ಸರ್.

ಧಾರವಾಡ_ಡರ್ಟ್

ಇಷ್ಟೆಲ್ಲಾ ಓದಿದ ಮ್ಯಾಲೆ ನನಗೂ ರೋಡ್‌ಬುಕ್ ಹಿಡಕೊಂಡು ಓಡಸೋದು ಕಲೀಬೇಕು ಅನಸ್ತದ ರಿ. ನನ್ನ ಹತ್ರ ಇರೂದು ಇನ್ನೂರು ಸಿಸಿ ಅಡ್ವೆಂಚರ್ ಬೈಕ್. ನಮ್ಮ ರಾಜ್ಯದಾಗ ಎಲ್ಲಿ ಕಲಸ್ತಾರ?

ಮಲೆನಾಡ_ಮಣ್ಣು

ಸಂತೋಷ್ ಅವರೇ ಕೋಲಾರದ ಹತ್ರ ಬಿಗ್‌ರಾಕ್ ಡರ್ಟ್‌ಪಾರ್ಕ್ ಶುರು ಮಾಡಿದ್ದು, ಆಫ್‌ರೋಡ್ ಟ್ರೇನಿಂಗ್ ಕೊಡ್ತಾರೆ, ಮೊದಲು ಅಲ್ಲಿ ವಿಚಾರಿಸಿ. ಇನ್ನೂರು ಸಿಸಿ ಧಾರಾಳ ಸಾಕು, ಭಾರ ಕಮ್ಮಿ ಇದ್ದಷ್ಟೂ ಒಳ್ಳೇದು. ಅಲ್ಲಿಯವರೆಗೆ ಮನೇಲೇ ಒಂದು ಅಭ್ಯಾಸ ಮಾಡಿ. ನಿಮ್ಮೂರಿಂದ ದಾಂಡೇಲಿ ಕಡೆ ಹೋಗೋ ದಾರೀಲಿ ಟ್ರಿಪ್ ಮೀಟರ್ ಸೊನ್ನೆ ಮಾಡ್ಕೊಂಡು ಹೊರಡಿ, ಪ್ರತಿ ತಿರುವಿಗೆ, ಪ್ರತಿ ಸೇತುವೆಗೆ ಕಿಲೋಮೀಟರ್ ಬರೆದು ಪಕ್ಕದಲ್ಲಿ ಬಾಣ ಹಾಕ್ತಾ ಹೋಗಿ. ಮುಂದಿನ ವಾರ ಫೋನ್ ಜೇಬಲ್ಲಿಟ್ಟು ಬರೀ ಆ ಚೀಟಿ ನೋಡ್ಕೊಂಡು ಹೋಗಿ. ಜುಲೈನಲ್ಲಿ ಅದೇ ದಾರಿ, ಅದೇ ಚೀಟಿ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಮತ್ತೆ ಹೋಗಿ ನೋಡಿ. ಹಳ್ಳದಲ್ಲಿ ನೀರು ಜಾಸ್ತಿ ಇದ್ರೆ ಇಳೀಬೇಡಿ, ವಾಪಸ್ ಬನ್ನಿ. ಒಬ್ರೇ ಮಾತ್ರ ಹೋಗ್ಬೇಡಿ.

ಧಾರವಾಡ_ಡರ್ಟ್

ಆತ್ರಿ ಅಣ್ಣಾ. ಗೆಳೆಯಾ ಒಬ್ಬ ಅದಾನ, ಅವನ್ನ ಕರಕೊಂಡು ಈ ಐತವಾರ ಹಳಿಯಾಳದ ತನಕ ಹೋಗಿ ಚೀಟಿ ಬರಕೊಂಡು ಬರ್ತೀನಿ, ಬರದದ್ದನ್ನ ಇಲ್ಲೇ ಫೋಟೋ ಹಾಕ್ತೀನಿ, ತಪ್ಪಿದ್ರ ಹೇಳ್ರಿ.